ಮಾಸ್ತರ್‌ಗೆ ಕೇಳ್ರಿ: ಸೋಷಿಯಲ್ ಓದಿ ಮುಂದೇನ್ರಿ?

ಈ ಸಲ ಅಡ್ಮಿಷನ್ ಟೈಮು, ಹಂಗಾಗಿ ಪತ್ರಗಳು ಬಾಳ ಬಂದಾವು, ಅದ್ರಾಗ ಅರ್ಧಕ್ಕರ್ಧ ಒಂದ ವಿಷಯದ್ದು. ಸಮಾಜ ವಿಜ್ಞಾನ ಇಷ್ಟ ಅನ್ನೋ ಹುಡುಗ್ರು, ಅದನ್ನ ಕೇಳಿ ಮನ್ಯಾಗ ಗಾಬರಿ ಬಿದ್ದ ತಂದೆತಾಯಿ. 31 ವರ್ಷ ಕೊಪ್ಪಳ ಜಿಲ್ಲಾದಾಗ ಸೋಷಿಯಲ್ ಕಲಿಸಿದಾವ ನಾನು, ಆ ಗಾಬರಿ ನನಗೇನ್ ಹೊಸಾದಲ್ಲ. ಎಲ್ಲಾ ಪತ್ರಕ್ಕ ಜಾಗ ಸಾಲಂಗಿಲ್ಲ, ಆರು ಆರಿಸೀನಿ.

ಸರ್ ನಮಸ್ಕಾರ. ನನ್ನ ಮಗಂಗೆ ಎಸ್ಸೆಸ್ಸೆಲ್ಸೀಲಿ ಸೋಷಿಯಲ್‌ಗೆ 97 ಬಂದೈತೆ, ಮ್ಯಾಥ್ಸು 61, ಸೈನ್ಸು 66. ಅವ್ನು ಆರ್ಟ್ಸ್ ತಗಂತೀನಿ ಅಂತ ಹಠ ಹಿಡಿದವ್ನೆ. ನಮ್ಮನೆಯೋರು ಪಿಸಿಎಂಬಿಗೆ ಅಂತ ದುಡ್ಡು ಹೊಂದಿಸ್ಕೊಂಡು ಕುಂತವ್ರೆ. ಆರ್ಟ್ಸ್ ಓದಿದ್ರೆ ಬಟ್ಟೆ ಅಂಗಡೀಲಿ ಕೂಡೋದೇ ಗತಿ ಅಂತ ನಮ್ಮತ್ತೆ ಬೇರೆ. ನಾನು ಯಾರ ಕಡೆ ಮಾತಾಡ್ಲಿ?
— ಒಬ್ಬ ತಾಯಿ, ಸಿರುಗುಪ್ಪ

ಅಕ್ಕಾರ, ಅತ್ತೇರಿಗೆ ಬೇಜಾರ ಮಾಡಬ್ಯಾಡ್ರಿ, ಆದ್ರ ಸಿರುಗುಪ್ಪ ಸಿಂಧನೂರು ಕಡೆ ಬಟ್ಟಿ ಅಂಗಡ್ಯಾಗ ಕುಂತ ಎಷ್ಟೋ ಮಂದಿ ಎಂಜಿನಿಯರ್‌ಗಳಿಗಿಂತ ಚೊಲೋ ಗಳಿಸ್ಯಾರ, ಅದೇನ್ ಬೈಗುಳ ಅಲ್ಲ. ಈಗ ಮಗನ ವಿಷಯಕ್ಕ ಬರೋಣು.

97 ನೋಡಿ ನಾನಂತೂ ತಕ್ಷಣ ಆರ್ಟ್ಸ್ ಕೊಡಸ್ರಿ ಅನ್ನಂಗಿಲ್ಲ. ಅದ್ರಾಗ 20 ಇಂಟರ್ನಲ್, ಉಳಿದ 80 ಬರಿಯೋದು, ಗೈಡ್ ಉರು ಹೊಡದ ಹುಡುಗ್ರಿಗೂ 97 ಬರ್ತಾವು. ಅವನಿಗೆ ಮಾರ್ಕ್ಸ್ ಇಷ್ಟನೋ ವಿಷಯ ಇಷ್ಟನೋ ಅನ್ನೋದು ನೋಡ್ಬೇಕು. ಅದಕ್ಕ ಒಂದು ಸಣ್ಣ ಪರೀಕ್ಷಾ ಹೇಳ್ತೀನಿ, ದುಡ್ಡು ಖರ್ಚಿಲ್ಲ. ಯಾರದರ ಮನ್ಯಾಗಿಂದ ಫಸ್ಟ್ ಪಿಯು ಇತಿಹಾಸದ ಪುಸ್ತಕ ಇಸ್ಕೊಂಡು ಬರ್ರಿ, ಅದು ಪ್ರಪಂಚದ ಇತಿಹಾಸ, ಈಜಿಪ್ಟು ಮೆಸೊಪೊಟೇಮಿಯಾ ಗ್ರೀಸು ರೋಮು ಅಂತ ಬರ್ತೈತಿ, ನಮ್ಮ ಭಾರತ ಕರ್ನಾಟಕ ಸೆಕೆಂಡ್ ಪಿಯುದಾಗ. ಒಂದು ಪಾಠ ಅವನಷ್ಟಕ್ಕ ಅವ ಓದ್ಲಿ. ಆಮ್ಯಾಲ ನೀವು ರೊಟ್ಟಿ ಬಡಿಯೋ ಹೊತ್ನ್ಯಾಗ ಮುಂದ ಕುಂತು ಅದನ್ನ ನಿಮಗ ಹೇಳ್ಲಿ. ಪುಸ್ತಕದ ಸಾಲು ಸಾಲು ಒಪ್ಪಿಸಿದ್ರ ಸ್ವಲ್ಪ ಯೋಚನೆ ಮಾಡ್ರಿ. "ಅಮ್ಮಾ ಇದು ಇವರಿಗೆ ಹೆಂಗ ಗೊತ್ತಾತು" ಅಂತ ಅವ್ನ ಕೇಳಿದ್ರ, ನಿಮ್ಮನೆಯೋರಿಗೆ ನನ್ನ ಕಾಲಂ ತೋರಸ್ರಿ.

ಆರ್ಟ್ಸ್ ಅಂದ್ರ ಒಂದ ಅಲ್ಲ. ಎಚ್‌ಇಪಿಎಸ್ ಅಂದ್ರ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಕೆಲವು ಕಾಲೇಜಿನ್ಯಾಗ ಸಮಾಜಶಾಸ್ತ್ರದ ಬದ್ಲಿ ಭೂಗೋಳ, ಐಚ್ಛಿಕ ಕನ್ನಡ, ಶಿಕ್ಷಣ ಇರ್ತಾವು. ನಿಮ್ಮನೆಯೋರು ಪೂರಾ ಆರ್ಟ್ಸ್‌ಗೆ ಒಪ್ಪದಿದ್ರ ಕಾಮರ್ಸ್‌ನಾಗ ಎಚ್‌ಇಬಿಎ ಐತಿ, ಇತಿಹಾಸ ಅರ್ಥಶಾಸ್ತ್ರದ ಜೋಡಿ ಬಿಸಿನೆಸ್ ಸ್ಟಡೀಸ್ ಅಕೌಂಟೆನ್ಸಿ, ಮುಂದ ಬಿ.ಕಾಂ ಸಿಎ ದಾರಿನೂ ಮುಚ್ಚಂಗಿಲ್ಲ ಇತಿಹಾಸನೂ ಕೈ ಬಿಡಂಗಿಲ್ಲ, ಮನ್ಯಾಗಿನ ಜಗಳಕ್ಕ ಇದು ಎಷ್ಟೋ ಸಲ ರಾಜಿ ಪಂಚಾಯ್ತಿ ಮಾಡೇತಿ. ಒಂದು ಮಾತ್ರ ಮುಚ್ಚಿಡಂಗಿಲ್ಲ, ಆರ್ಟ್ಸ್ ತಗೊಂಡಾವ ಆಮ್ಯಾಲ ಎಂಜಿನಿಯರಿಂಗ್ ಡಾಕ್ಟರ್ ಅಂದ್ರ ಆಗಂಗಿಲ್ಲ, ಸೈನ್ಸ್ ಓದಿದಾವ ಬಿ.ಎ.ಗೆ ಬರಬಹುದು. ಇನ್ನೊಂದು, ಅರ್ಥಶಾಸ್ತ್ರದಾಗ ದೊಡ್ಡ ಕಾಲೇಜಿಗೆ ಹೋಗೋ ಆಸೆ ಇದ್ರ ಮ್ಯಾಥ್ಸ್ ಬಿಡೋ ಮೊದ್ಲ ವಿಚಾರ ಮಾಡ್ಬೇಕು, ದಿಲ್ಲಿ ಯೂನಿವರ್ಸಿಟಿ ಎಕನಾಮಿಕ್ಸ್ ಆನರ್ಸ್‌ಗೆ ಮ್ಯಾಥ್ಸ್ ಕೇಳ್ತಾರ.

ಮುಂದೇನು ಅಂದ್ರ ಲಾ ಐತಿ. ಹುಬ್ಬಳ್ಳಿ ಕಾನೂನು ವಿಶ್ವವಿದ್ಯಾಲಯದ ಕೈಕೆಳಗಿನ ಕಾಲೇಜುಗಳಾಗ ಪಿಯು ಆದ್ಮ್ಯಾಲ 5 ವರ್ಷದ ಕೋರ್ಸು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಅಂಥಾದ್ದಕ್ಕ ಕ್ಲಾಟ್ ಬರೀಬೇಕು, 2 ತಾಸು, 120 ಪ್ರಶ್ನೆ, ತಪ್ಪಿಗೆ ಕಾಲು ಮಾರ್ಕ್ ಕಟ್, ಯಾವ ಸ್ಟ್ರೀಮ್ ಓದಿದ್ರೂ ನಡೀತೈತಿ. ಅದು ಪೂರಾ ಇಂಗ್ಲಿಷ್. ಕನ್ನಡ ಮೀಡಿಯಂ ಹುಡುಗ್ರು ಅಲ್ಲೇ ಎಡವತಾರ, ಬುದ್ಧಿ ಕಮ್ಮಿ ಅಂತಲ್ಲ, ಉದ್ದುದ್ದ ಪ್ಯಾಸೇಜ್ ಓದಿ ರೂಢಿ ಇರಂಗಿಲ್ಲ. ಹಂಗಾಗಿ ಈಗಿಂದ್ಲೆ ದಿನಾ ಒಂದು ಇಂಗ್ಲಿಷ್ ಎಡಿಟೋರಿಯಲ್ ಓದ್ಲಿ, ತಿಳೀಲಿ ಬಿಡ್ಲಿ. ಇನ್ನ ಡಿಗ್ರಿ ಸೀಟಿಗೆ ಸಿಯುಇಟಿ ಅಂತ ಪ್ರವೇಶ ಪರೀಕ್ಷಾ 2022ರಿಂದ ಬಂದೈತಿ, ಅದ್ರಾಗ ಇತಿಹಾಸನೂ ಒಂದು ಸಬ್ಜೆಕ್ಟು, ಕನ್ನಡದಾಗ ಬರಿಯೋ ಅವಕಾಶನೂ ಐತಿ, ನಮ್ಮ ಕಲಬುರಗಿ ಹತ್ರ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಗೆ ಅದರಿಂದ್ಲೆ ಡಿಗ್ರಿ ಸೀಟು.

ಹಾಂ, 371(ಜೆ), ಅಂದ್ರ ಕಲ್ಯಾಣ ಕರ್ನಾಟಕದ ಮೀಸಲಾತಿ ಸರ್ಟಿಫಿಕೇಟ್ ಮಾಡ್ಸಿರೇನ್ರಿ? ನಮ್ಮ ಭಾಗದ ಕಾಲೇಜುಗಳಾಗ 70 ಪರ್ಸೆಂಟ್, ರಾಜ್ಯದ ಬೇರೆ ಕಡೆ 8 ಪರ್ಸೆಂಟ್ ಸೀಟು ನಮ್ಮ ಮಕ್ಕಳಿಗೆ ಅಂತ ಐತಿ. ಕೌನ್ಸೆಲಿಂಗ್ ಹಿಂದಿನ ದಿನ ತಹಶೀಲ್ದಾರ್ ಆಫೀಸ್ ಮುಂದ ಓಡ್ಯಾಡೋರನ್ನ ಪ್ರತಿ ವರ್ಷ ನೋಡ್ತೀನಿ. ನೀವು ಈ ವಾರನ ಹೋಗ್ರಿ.

ಸರ್, ನಾನು ಒಂಬತ್ತನೇ ಕ್ಲಾಸ್. ನಂಗ ಸೋಷಿಯಲ್ ಅಂದ್ರ ಇಷ್ಟ ಅದ ಆದ್ರ ಇಸವಿ ಒಂದೂ ನೆನಪಿರಲ್ಲ. ಪರೀಕ್ಷಾದಾಗ 1565ರ ಬದ್ಲಿ 1656 ಬರ್ದೆ, ಕ್ಲಾಸ್‌ನಾಗ ಎಲ್ಲಾರ ಮುಂದ ಬೈಸ್ಕೊಂಡೆ. ಇಸವಿ ನೆನಪಿಡೋದು ಹೆಂಗ?
— ವಿದ್ಯಾರ್ಥಿ, ಮಸ್ಕಿ

ತಮ್ಮಾ, ಮಸ್ಕಿ ಅಂತ ಊರಿನ ಹೆಸರು ನೋಡಿ ನಾ ನಕ್ಕೆ. ನಿಮ್ಮೂರು ಗುಡ್ಡದ ಕಲ್ಲು ಇಲ್ಲದಿದ್ರ ಇಡೀ ದೇಶದ ಪುಸ್ತಕಕ್ಕ ಒಂದು ಸಾಲು ಕಮ್ಮಿ ಬೀಳ್ತಿತ್ತಪಾ.

ನಿನ್ನ ತ್ರಾಸು ನೆನಪಿಂದಲ್ಲ. ಒಂದು ಇಸವಿ ಒಂದೇ ಇದ್ರ ಅದು ಉದುರಿ ಹೋಗ್ತೈತಿ, ಯಾವದಕ್ಕಾರ ಕಟ್ಟಿ ಹಾಕ್ಬೇಕು, ದನ ಕಟ್ಟಿದಂಗ. ಗೂಟ ಬೇಕಲ್ಲ, ಗೂಟ ನಿಮ್ಮೂರಾಗ ಐತಿ. ಭಾನುವಾರ ಮುಂಜಾನೆ ಬಿಸಲ ಏರೋದ್ರಾಗ ಅಶೋಕನ ಶಾಸನದ ಹತ್ರ ಹೋಗು. ಅಲ್ಲಿ ನಿಂತು ಒಂದ ಪ್ರಶ್ನೆ ಕೇಳ್ಕೋ, ಈ ಅಕ್ಷರ ಅಶೋಕಂದು ಅಂತ ಹೇಳಿದೋರು ಯಾರು, ಅವರಿಗೆ ಹೆಂಗ ಗೊತ್ತು? ಬ್ರಾಹ್ಮಿ ಲಿಪೀನ ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಾಗ. ಆದ್ರ ಆಗ ಸಿಕ್ಕಿದ್ದ ಶಾಸನಗಳಾಗ ರಾಜನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟ ಇತ್ತು, ಅಂದ್ರ ದೇವರಿಗೆ ಬೇಕಾದಾವ ಅಂತ, ಅದೇನ್ ಖಾಸಾ ಹೆಸರಲ್ಲ, ಬಿರುದು ಇದ್ದಂಗ. ಶ್ರೀಲಂಕಾದ ಪಾಲಿ ಗ್ರಂಥಗಳ ಆಧಾರದ ಮ್ಯಾಲ ಇಂವ ಅಶೋಕನ ಇರ್ಬೇಕು ಅಂತ ಪಂಡಿತ್ರು ಹೇಳಿದ್ರು. 1915ರಾಗ ಸಿ. ಬೀಡನ್ ಅನ್ನೋ ಬಂಗಾರದ ಗಣಿ ಎಂಜಿನಿಯರ್ ಒಬ್ಬ ಬಂಗಾರ ಹುಡುಕೋ ಕಡೆ ನಿಮ್ಮೂರ ಗುಡ್ಡದಾಗ ಈ ಕಲ್ಲು ನೋಡಿದ, ಅದ್ರ ಮ್ಯಾಲ "ದೇವಾನಾಂಪಿಯಸ ಅಸೋಕಸ" ಅಂತ ಹೆಸರು ಹಿಡಿದ ಬರದಿತ್ತು. ಅಲ್ಲಿಗೆ ವಾದ ಮುಗೀತು. ಬಳ್ಳಾರಿ ಕಡೆ ನಿಟ್ಟೂರು, ಉಡೇಗೊಳಂನಾಗೂ ಆ ಹೆಸರು ಐತಿ, ಆದ್ರ ಮೊದ್ಲು ಸಿಕ್ಕಿದ್ದು ನಿಮ್ಮಲ್ಲೆ. ನಮ್ಮ ಕೊಪ್ಪಳದಾಗೂ ಗವಿಮಠ, ಪಾಲ್ಕಿಗುಂಡಿನಾಗ ಅಶೋಕನ ಶಾಸನ ಅದಾವು, ಹೆಸರೇನ್ ಇಲ್ಲ ಅವಕ್ಕ, ಅದಕ್ಕ ಮಸ್ಕಿಯವರ ಮುಂದ ನಾವು ಸ್ವಲ್ಪ ತಲೆ ತಗ್ಗಿಸ್ತೀವಿ.

ಈಗ ಹೇಳು, 1837, 1915 ಎರಡೂ ನೆನಪುಳೀತೋ ಇಲ್ಲೋ?

ಹಂಗ ರಾಯಚೂರು ಕೋಟಿಗೆ ಹೋದಾಗ ಗ್ವಾಡಿಗೆ ಹೊಂದಿಸಿದ ಉದ್ದ ಕಲ್ಲು ನೋಡು, 41 ಅಡಿ ಮ್ಯಾಲ ಐತಿ, ಒಂದ ಕಲ್ಲು. ತೆಲುಗಿನಾಗ ಬರ್ದಾರ, 1294ರಾಗ ಕಾಕತೀಯರ ಕಡೆ ಗೋರೆ ಗಂಗಯ್ಯ ರೆಡ್ಡಿಯ ಕೈಕೆಳಗಿನ ವಿಠಲ ಕೋಟಿ ಕಟ್ಟಿಸಿದ ಅಂತ. ಇಷ್ಟುದ್ದ ಕಲ್ಲು ಹೆಂಗ ತಂದ್ರು ಅಂತೀಯಾ, ಅಲ್ಲೇ ಗ್ವಾಡಿ ಮ್ಯಾಲ ಬಂಡ್ಯಾಗ ಹೇರ್ಕೊಂಡು ಎಳ್ಕೊಂಡು ಬರೋ ಚಿತ್ರ ಕೆತ್ಯಾರ. ನಾನು ಹುಡುಗ್ರನ್ನ ಪ್ರವಾಸಕ್ಕ ಕರ್ಕೊಂಡು ಹೋದಾಗೆಲ್ಲ ಅದ್ರ ಮುಂದ ನಿಲ್ಲಿಸ್ತಿದ್ದೆ, ಒಬ್ಬ ಹುಡುಗ ತನ್ನ ಚಪ್ಪಲಿಲೆ ಹೆಜ್ಜಿ ಅಳೆದು ನೋಡಿದ್ದ, ಮುಂದ ಎಂದೂ 1294 ತಪ್ಪಲಿಲ್ಲ ಅಂವ. ಕೃಷ್ಣಾ ತುಂಗಭದ್ರಾ ನಡುವಿನ ಈ ದೋಆಬ್ ಭೂಮಿಗೆ, ಈ ಕೋಟಿಗೆ ಎಷ್ಟು ಸಲ ಹೊಡೆದಾಟ ಆತು ಅಂತ ಲೆಕ್ಕ ಹಾಕು. 1520ರಾಗ ಕೃಷ್ಣದೇವರಾಯ ಆದಿಲ್‌ಶಾಹಿ ಕೈಯಿಂದ ಕಿತ್ಕೊಂಡ. ಅದಾಗಿ 45 ವರ್ಷಕ್ಕ ರಕ್ಕಸತಂಗಡಿ ಯುದ್ಧ, ವಿಜಯನಗರ ಬಿತ್ತು. 1520ಕ್ಕ 45 ಕೂಡಿಸು. ಇನ್ಮುಂದ 1656 ಬರೀತೀಯೇನು?

ಎಲ್ಲಾರ ಮುಂದ ಬೈದಿದ್ದು ತಪ್ಪು, ಅದು ಬ್ಯಾರೆ ಮಾತು.

ನಮ್ಮ ಸಾಲ್ಯಾಗ ಸೋಷಿಯಲ್ ಪಿರಿಯಡ್ ಕಸ್ಕೊಂಡು ಮ್ಯಾಥ್ಸ್ ಸ್ಪೆಷಲ್ ಕ್ಲಾಸ್ ಮಾಡ್ತಾರ್ರೀ. ವಾರಕ್ಕ ಎರಡು ಕ್ಲಾಸ್ ಆದ್ರ ಹೆಚ್ಚು. ಸೋಷಿಯಲ್ ಏನ್ ಓದ್ಕೊಂಡ್ರಾತು ಅಂತಾರ. ನಾವೇನ್ ಮಾಡೋಣ?
— ಹತ್ತನೇ ತರಗತಿ ವಿದ್ಯಾರ್ಥಿನಿ, ಕುಷ್ಟಗಿ ತಾಲೂಕು

ತಂಗೀ, ಇದು ನಿಮ್ಮ ಸಾಲ್ಯಾಗಷ್ಟ ಅಲ್ಲ. ನನ್ನ ಪಿರಿಯಡ್ಡೂ ಎಷ್ಟೋ ಸಲ ಕಸ್ಕೊಂಡಾರ, ಸ್ಟಾಫ್ ರೂಮಿನ್ಯಾಗ ಚಾ ಕುಡ್ಕೊಂತ ಕುಂತು ಒಳಗೊಳಗ ಉರ್ಕೊಂಡೀನಿ, ಬಾಯಿ ಬಿಟ್ಟು ಹೇಳಿದ್ದು ಕಮ್ಮಿ, ಅದಕ್ಕ ಈಗ ನಾಚ್ಕಿ ಬರ್ತೈತಿ.

ನೀವು ಜಗಳ ಮಾಡಬ್ಯಾಡ್ರಿ, ಲೆಕ್ಕ ಹೇಳ್ರಿ. ಎಸ್ಸೆಸ್ಸೆಲ್ಸಿ 625ರಾಗ ಮ್ಯಾಥ್ಸಿಗೂ 100, ಸಮಾಜಕ್ಕೂ 100. ಆ ಒಂದು ಸಬ್ಜೆಕ್ಟಿನ್ಯಾಗ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಆರು ತುಂಬ್ಯಾರ. ಆರು ಸಬ್ಜೆಕ್ಟ್ ವಾರಕ್ಕ ಎರಡು ತಾಸಿನ್ಯಾಗ ಹೆಂಗ ಮುಗೀತಾವ್ರಿ ಸರ್ ಅಂತ ಎಚ್‌ಎಂಗೆ ನಾಲ್ಕು ಹುಡುಗ್ಯಾರು ಕೂಡಿ ಹೋಗಿ ಮೆತ್ತಗ ಕೇಳ್ರಿ. ಮಾರ್ಕ್ಸ್ ಭಾಷಾ ಅವರಿಗೆ ತಿಳೀತೈತಿ.

ಅಲ್ಲಿತನಕ ನೀವ ಒಂದು ಗುಂಪು ಮಾಡ್ಕೊಳ್ರಿ, ಒಬ್ಬಾಕಿ ಒಂದು ಪಾಠ ಓದಿ ಉಳಿದವರಿಗೆ ಹೇಳೋದು, ಉಳಿದವರು ನಡುನಡುವೆ "ಯಾಕ" ಅಂತ ಕೇಳೋದು. ನಿಮ್ಮ ಪುಸ್ತಕದಾಗ ಕರ್ನಾಟಕದ ಬಂಡಾಯಗಳ ಪಾಠ ಐತೆಲ್ಲ, ಅಲ್ಲಿಂದ ಸುರು ಮಾಡ್ರಿ, ಸುರಪುರ, ಹಲಗಲಿ ಜೋಡಿ ನಮ್ಮ ಕೊಪ್ಪಳನೂ ಬರ್ತೈತಿ. ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯ 1858ರಾಗ ಬಂದು ಸೇರ್ಕೊಂಡು ಸತ್ತಿದ್ದು ಕೊಪ್ಪಳ ಕೋಟಿದಾಗ. ದಿನಾ ಬಸ್ಸಿನ್ಯಾಗ ಕೊಪ್ಪಳಕ್ಕ ಹೋಗೋರು ಎಷ್ಟು ಮಂದಿ ಆ ಗುಡ್ಡ ತಲೆ ಎತ್ತಿ ನೋಡ್ಯಾರ.

ಮನ್ಯಾಗ ಎಂಟನೇ ಕ್ಲಾಸಿನ ತಮ್ಮನೋ ತಂಗಿನೋ ಇದ್ರ ಇದನ್ನೂ ಎಚ್‌ಎಂ ಕಿವಿಗೆ ಹಾಕು, ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷಾದ ಸಬ್ಜೆಕ್ಟ್ ಪೇಪರಿನ 90 ಪ್ರಶ್ನೆದಾಗ ಸಮಾಜಕ್ಕ 35, ಮ್ಯಾಥ್ಸಿಗೆ 20. ಪಾಸಾಗಿ ಲಿಸ್ಟಿನ್ಯಾಗ ಬಂದ್ರ ಒಂಬತ್ತರಿಂದ ಸೆಕೆಂಡ್ ಪಿಯು ತನಕ ವರ್ಷಕ್ಕ 12,000 ರೂಪಾಯಿ.

ನಮ್ಮ ತಮ್ಮನ ಮಗಳು ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಅದಾಳ, ಬರೋ ವರ್ಷ ಹತ್ತನೇ ಕ್ಲಾಸು. ಕಾಲೇಜಿಗೆ ಹೋಗ್ಬೇಕಂದ್ರ ಹಿಸ್ಟ್ರಿ ಎಪಿ ತಗೊಳ್ಬೇಕೋ ಬ್ಯಾಡೋ ಅಂತ ಮನ್ಯಾಗ ಚರ್ಚಾ ನಡದೈತಿ, ನನ್ನ ಕೇಳಿದ್ರು. ನನಗ ಎಪಿ ಅಂದ್ರ ಆಂಧ್ರ ಅಷ್ಟ ಗೊತ್ತು. ಸ್ವಲ್ಪ ಬಿಡಿಸಿ ಹೇಳ್ರಿ.
— ಭತ್ತದ ರೈತ, ಗಂಗಾವತಿ

ಅಣ್ಣಾರ, ಆಂಧ್ರ ಜೋಕು ಚೊಲೋ ಆತು, ಗಂಗಾವತಿಯವರ ಬಾಯಾಗ ಬರೋದ ಮಾತು. ಇದು ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆ ನಡೆಸ್ತೈತಿ, ಹೈಸ್ಕೂಲಿನ್ಯಾಗ ಇದ್ದಾಗ್ಲೆ ಕಾಲೇಜ್ ಮಟ್ಟದ ಕೋರ್ಸ್ ಓದೋದು, ಮೇ ತಿಂಗಳಾಗ ಪರೀಕ್ಷಾ, 1ರಿಂದ 5ರೊಳಗ ಸ್ಕೋರು.

ಕ್ಯಾಲಿಫೋರ್ನಿಯಾದಾಗ ಹೈಸ್ಕೂಲ್ ಮುಗಿಸೋಕ ಸೋಷಿಯಲ್ ಮೂರು ವರ್ಷ ಆಗ್ಬೇಕು, ವರ್ಲ್ಡ್ ಹಿಸ್ಟ್ರಿ ಒಂದು ವರ್ಷ, ಅಮೆರಿಕಾದ ಹಿಸ್ಟ್ರಿ ಒಂದು ವರ್ಷ, ಆಮ್ಯಾಲ ಅರ್ಧ ವರ್ಷ ಸರ್ಕಾರ, ಅರ್ಧ ವರ್ಷ ಅರ್ಥಶಾಸ್ತ್ರ. ಸಾಮಾನ್ಯ ಇದ ಕ್ರಮದಾಗ ಹತ್ತು, ಹನ್ನೊಂದು, ಹನ್ನೆರಡು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಎರಡು ವರ್ಷದ್ದು ಕೇಳ್ತೈತಿ, ಅದು ಇದ್ರಾಗ ಮುಗದ ಹೋಗ್ತೈತಿ. ಅಂದ್ರ ಎಪಿ ಕಡ್ಡಾಯ ಅಲ್ಲ. ತಗೊಂಡ್ರ ಲಾಭ ಏನಂದ್ರ ಆ ಯೂನಿವರ್ಸಿಟಿ ಗ್ರೇಡ್ ಲೆಕ್ಕ ಹಾಕೋವಾಗ ಎಪಿ ಕೋರ್ಸಿಗೆ ಒಂದು ಪಾಯಿಂಟ್ ಹೆಚ್ಚಿಗಿ ಕೊಡ್ತೈತಿ, ಪರೀಕ್ಷಾದಾಗ 3 ಅಥವಾ ಮ್ಯಾಲ ಬಂದ್ರ ಕಾಲೇಜ್ ಕ್ರೆಡಿಟ್ಟೂ ಸಿಗ್ತೈತಿ. ಬ್ಯಾರೆ ಕಾಲೇಜು 4 ಇಲ್ಲಾ 5 ಕೇಳಬಹುದು.

ನನ್ನ ಕೇಳಿದ್ರ ಹತ್ತನೇದಾಗ ಎಪಿ ವರ್ಲ್ಡ್ ಹಿಸ್ಟ್ರಿ ತಗೊಳ್ಲಿ, ಆದ್ರ ಒಂದ ವರ್ಷಕ್ಕ ನಾಲ್ಕೈದು ಎಪಿ ಹೇರ್ಕೊಳ್ಳೋದು ಬ್ಯಾಡ, ಟ್ರ್ಯಾಕ್ಟರ್ ಟ್ರಾಲಿಗೂ ಒಂದು ಅಳತಿ ಐತಿ. ಆ ಕೋರ್ಸು ಸುರು ಆಗೋದು 1200ರಿಂದ, ಮೊದಲ್ನೇ ಯುನಿಟ್ಟಿನ್ಯಾಗ ದಕ್ಷಿಣ ಏಷ್ಯಾದ ರಾಜ್ಯಗಳಿಗೆ ಉದಾಹರಣಿ ಕೊಟ್ಟಾರಲ್ಲ, ಅದ್ರಾಗ ವಿಜಯನಗರ ಸಾಮ್ರಾಜ್ಯನೂ ಐತಿ! ಆ ಕೂಸು ಅಲ್ಲಿ ಕುಂತು ಓದೋದು ನಿಮ್ಮ ಆನೆಗೊಂದಿ ಹೊಳಿ ಆಚಿ ದಂಡಿದು. ಈ ಸಲ ಸೂಟಿಗೆ ಬಂದಾಗ ಮಾಲ್ ಬಿಟ್ಟು ಹಂಪಿಗೆ ಕರ್ಕೊಂಡು ಹೋಗ್ರಿ, ಹಂಗ ಹಿರೇಬೆಣಕಲ್ ಗುಡ್ಡ ಹತ್ತಸ್ರಿ, ಕಲ್ಲಿನ ಚಪ್ಪಡಿ ನಿಲ್ಲಿಸಿ ಮಾಡಿದ ಆ ಮನಿಯಂಥಾ ಗೋರಿಗಳು ವಿಜಯನಗರಕ್ಕಿಂತ ಸಾವಿರ ಸಾವಿರ ವರ್ಷ ಹಳೇವು.

ಆ ಪರೀಕ್ಷಾದಾಗ ನನಗ ಬಾಳ ಸೇರಿದ್ದು ಒಂದು ಪ್ರಶ್ನೆ. ಏಳು ದಾಖಲೆ ಕೊಡ್ತಾರ, ಯಾವದೋ ಪ್ರವಾಸಿ ಬರದಿದ್ದು, ಒಂದು ಚಿತ್ರ, ಒಂದು ಸರ್ಕಾರಿ ಪತ್ರ ಹಿಂಗ. ಅವನ್ನ ಓದಿ ಇದನ್ನ ಬರದಾವ ಯಾರು, ಯಾಕ ಬರದ, ಅವನ ಮಾತು ಎಷ್ಟು ನಂಬ್ಬೇಕು ಅಂತ ತೂಗಿ ತನ್ನ ವಾದ ಕಟ್ಟಬೇಕು. ಪೋರ್ಚುಗೀಸ್ ನೂನಿಜ್ 1520ರ ರಾಯಚೂರು ಯುದ್ಧ ಬರ್ದಾನ, ಕುದುರಿ ವ್ಯಾಪಾರಿ ಅಂವ, ಅವಂಗ ರಾಯನ ಸೈನ್ಯ ಹೆಂಗ ಕಂಡಿರಬಹುದು ಅಂತ ನಮ್ಮ ಹುಡುಗ್ರಿಗೆ ಒಂದ ಸಲ ಯಾರಾರ ಕೇಳಿದ್ರ! ನಮ್ಮಲ್ಲಿ "ಕಾರಣಗಳನ್ನು ಪಟ್ಟಿ ಮಾಡಿ" ಅಂತೀವಿ, ಆರು ಪಾಯಿಂಟು, ಆರು ಮಾರ್ಕ್ಸು, ಮುಗೀತು.

ಸರ್, ಬಳ್ಳಾರಿಯಲ್ಲಿ ಸೆಕೆಂಡ್ ಪಿಯು ಪಿಸಿಎಂಬಿ ಓದ್ತಾ ಇದೀನಿ. ಕೆಎಎಸ್ ಮಾಡೋ ಆಸೆ. ಆರ್ಟ್ಸ್ ತಗೊಳ್ದೆ ತಪ್ಪು ಮಾಡಿದ್ನಾ? ಈಗ ಬದಲಾಯಿಸ್ಬೇಕಾ?

ಈಗ ಏನೂ ಬದಲಿ ಮಾಡಬ್ಯಾಡಪಾ, ಸೆಕೆಂಡ್ ಪಿಯು ಚೊಲೋತ್ನ್ಯಾಗಿ ಮುಗಿಸು. ಕೆಎಎಸ್‌ಗೂ ಯುಪಿಎಸ್‌ಸಿಗೂ ಯಾವದಾರ ಡಿಗ್ರಿ ಇದ್ರ ಸಾಕು. ಡಿಗ್ರಿಗೆ ಬಿ.ಎ. ತಗೊಳ್ಬೇಕನ್ಸಿದ್ರ ಆಗ ತಗೋ, ನಮ್ಮ ರಾಜ್ಯದಾಗ 2024-25ರಿಂದ ಡಿಗ್ರಿ ತಿರುಗಿ 3 ವರ್ಷದ್ದು ಮಾಡ್ಯಾರ. ಎಂಟರಿಂದ ಹತ್ತನೇ ತನಕದ ಸೋಷಿಯಲ್ ಪುಸ್ತಕ ರದ್ದಿಗೆ ಹಾಕಿದ್ರ ಓಡಿ ಹೋಗಿ ವಾಪಸ್ ತಗೊಂಡ್ ಬಾ, ಕೋಚಿಂಗಿನ್ಯಾಗ ಸಾವಿರಾರು ರೂಪಾಯಿ ಇಸ್ಕೊಂಡು ಮೊದ್ಲು ಓದ್ಸೋದು ಅವನ್ನ.

ನಿಮ್ಮ ಹೋದ ತಿಂಗಳ ಕಾಲಂನಲ್ಲಿ "ನಮ್ಮ ಏಳೂ ಜಿಲ್ಲೆಗಳು 1948ರಲ್ಲಿ ನಿಜಾಮನಿಂದ ಬಿಡುಗಡೆ ಆದವು" ಅಂತ ಬರೆದಿದೀರಿ. ಬಳ್ಳಾರಿ ಯಾವಾಗ ಸ್ವಾಮಿ ನಿಜಾಮನ ಕೈಯಲ್ಲಿತ್ತು? ಮಕ್ಕಳು ಓದುವ ಅಂಕಣ, ಸ್ವಲ್ಪ ನೋಡಿ ಬರೀಬೇಕು.
— ಹಿರಿಯ ಓದುಗರು, ಬಳ್ಳಾರಿ

ತಪ್ಪಾತ್ರಿ ಹಿರಿಯರ. ಪೂರಾ ನಂದ ತಪ್ಪು. 371(ಜೆ) ಪಟ್ಟಿಯಾಗ ಏಳು ಜಿಲ್ಲೆ ಕೂಡೇ ಇರ್ತಾವಲ್ಲ, ಕೈ ತಾನ ಬರ್ಕೊಂಡು ಹೋತು. ರಾಯಚೂರು ಕೊಪ್ಪಳ ನಿಜಾಮನ ರಾಜ್ಯದಾಗಿದ್ದು ಖರೆ, 1948ರ ಸೆಪ್ಟೆಂಬರ್ 17ಕ್ಕ ಬಿಡುಗಡೆ. ಬಳ್ಳಾರಿ ಹಂಗಲ್ಲ. ಅದನ್ನ 1800ರಾಗ್ಲೆ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟು ಕೊಟ್ಟಿದ್ದ, ಕಂಪನಿ ಕಲೆಕ್ಟರ್ ಥಾಮಸ್ ಮನ್ರೋ ಬಂದು ಕಂದಾಯ ಕಟ್ಟಿದ, ಅಲ್ಲಿಂದ ಮುಂದ ಅದು ಮದ್ರಾಸ್ ಕಡೆ. ಅಂದ್ರ ನಮ್ಮಪ್ಪಾರು ನಿಜಾಮನ ಕಾಲದಾಗ ಉರ್ದು ಕಲಿಯೋ ಹೊತ್ನ್ಯಾಗ ಅಲ್ಲಿ ನೂರು ಕಿಲೋಮೀಟ್ರು ದೂರದ ಬಳ್ಳಾರಿ ಹುಡುಗ್ರು ಬ್ರಿಟಿಷರ ಮದ್ರಾಸ್ ಪರೀಕ್ಷಾ ಬರೀತಿದ್ರು.

ಬಳ್ಳಾರಿ ಕತಿ ಹುಡುಗ್ರಿಗೆ ಪೂರಾ ಹೇಳಬೇಕಾದ್ದು. 1953ರ ಅಕ್ಟೋಬರ್ 1ಕ್ಕ ಆಂಧ್ರ ರಾಜ್ಯ ಆತು, ಆದೋನಿ, ಆಲೂರು, ರಾಯದುರ್ಗ ಅತ್ಲಾಗ ಹೋದ್ವು, ಉಳಿದವು ಮೈಸೂರಿಗೆ. ಬಳ್ಳಾರಿ ತಾಲೂಕು ಯಾರಿಗೆ ಅನ್ನೋದಕ್ಕ ಬ್ಯಾರೇನ ಎಲ್.ಎಸ್. ಮಿಶ್ರಾ ಆಯೋಗ ಬೇಕಾತು, ಅದು ಮೈಸೂರಿಗೆ ಅಂತು. ಆ ಗದ್ದಲದಾಗ ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್ ಪ್ರಾಣ ಕೊಟ್ರು. ಅಲ್ಲಿಗೂ ಮುಗೀಲಿಲ್ಲ, 1955ರಾಗ ರಾಜ್ಯಗಳ ಗಡಿ ಹೊಸದಾಗಿ ಹಾಕೋಕ ಮಾಡಿದ್ದ ಫಜಲ್ ಅಲಿ ಆಯೋಗ ಬಳ್ಳಾರಿ ಆಂಧ್ರಕ್ಕ ಹೋಗ್ಲಿ ಅಂತ ವರದಿ ಕೊಟ್ಟಿತು, ತುಂಗಭದ್ರಾ ಡ್ಯಾಮಿನ ನೀರಿನ ಲೆಕ್ಕನೂ ಅದ್ರಾಗಿತ್ತು. ಕೇಂದ್ರ ಸರ್ಕಾರ ಅದನ್ನ ಒಪ್ಪಲಿಲ್ಲ, ಬಳ್ಳಾರಿ ಇಲ್ಲೇ ಉಳೀತು.

1956ರ ನವೆಂಬರ್ 1ಕ್ಕ ನಾವೆಲ್ಲ ಒಂದ ರಾಜ್ಯದಾಗ ಬಂದ್ವಿ, ಬಂದ ದಾರಿ ಮಾತ್ರ ಬ್ಯಾರೆ ಬ್ಯಾರೆ. ಹೋದ ಸಂಚಿಕೆ ಕತ್ತರಿಸಿ ಇಟ್ಕೊಂಡ ವಿದ್ಯಾರ್ಥಿಗಳು ಆ ಸಾಲಿನ್ಯಾಗ "ಏಳೂ" ಅನ್ನೋದನ್ನ ಪೆನ್ನಿಲೆ ಹೊಡದು, ಬಾಜೂಕ "ಬಳ್ಳಾರಿ, ವಿಜಯನಗರ ಬಿಟ್ಟು" ಅಂತ ಬರ್ಕೊಳ್ರಿ. ವಿಜಯನಗರ ಯಾಕಂದ್ರ ಅದು 2021ರಾಗ ಬಳ್ಳಾರಿಯಿಂದನ ಒಡದು ಆದ ಜಿಲ್ಲಾ.